ಯಾರ ಮಗುವಿಗಾಗಿ ಈ ಮುದ್ರೆ?

ಮನೆಯಲ್ಲಿರುವ ಮೊಬೈಲ್ ಚಾರ್ಜರನ್ನು ಒಮ್ಮೆ ತಿರುಗಿಸಿ ನೋಡಿ. ಇರುವೆ ಸಾಲಿನಂತಹ ಅಕ್ಷರಗಳ ನಡುವೆ ‘ಸಿಇ’ ಎಂಬ ಮುದ್ರೆ ಕಾಣಸಿಗುವುದು ಅಪರೂಪವಲ್ಲ. ಯುರೋಪಿನ ಒಕ್ಕೂಟದೊಳಕ್ಕೆ ತಂದು ಮಾರುವ ಬಹುತೇಕ ಎಲ್ಲ ಎಲೆಕ್ಟ್ರಾನಿಕ್ ಸಾಮಗ್ರಿಗಳಿಗೂ ಈ ಮುದ್ರೆ ಕಡ್ಡಾಯ. ಅದಿಲ್ಲದ ಸರಕಿಗೆ ಅಲ್ಲಿನ ಮಾರುಕಟ್ಟೆಯ ಬಾಗಿಲು ತೆರೆಯದು. ದೂರದ ದೇಶದ ಕಾನೂನಿಗೂ ಮಲೆನಾಡಿನ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ವಿಷವಿಲ್ಲದೆ ವಸ್ತು ತಯಾರಿಸುವುದು ಅಸಾಧ್ಯವೆನ್ನುವ ಉದ್ಯಮಿಗಳ ಬಾಯಿ ಮುಚ್ಚಿಸುವ ಸಾಕ್ಷ್ಯವೂ, ಗಡಿಯಾಚೆಯ ಜೀವಗಳನ್ನು ಲೆಕ್ಕಕ್ಕೇ ಹಿಡಿಯದ ಕುರುಡುತನವೂ ಆ ಎರಡಕ್ಷರಗಳಲ್ಲಿ ಒಟ್ಟಿಗೆ ಅಡಗಿವೆ.

ಮೊದಲು ಸಾಕ್ಷ್ಯವನ್ನು ನೋಡೋಣ. 2001ರ ಕೊನೆಯಲ್ಲಿ ನೆದರ್ಲೆಂಡಿನ ಅಧಿಕಾರಿಗಳು ಸೋನಿ ಕಂಪೆನಿಯ ‘ಪಿಎಸ್ ಒನ್’ ಆಟದ ಯಂತ್ರಗಳ ಸುಮಾರು 13 ಲಕ್ಷ ಪೆಟ್ಟಿಗೆಗಳನ್ನು ತಡೆದು ನಿಲ್ಲಿಸಿದರು. ಯಂತ್ರದ ತಂತಿಗಳ ಹೊದಿಕೆಯಲ್ಲಿ ಆ ದೇಶದ ಕಾನೂನು ಒಪ್ಪುವುದಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಇತ್ತು. ಕ್ರಿಸ್‌ಮಸ್ ವ್ಯಾಪಾರದ ಭರಾಟೆಯ ಕಾಲವದು. ಕಂಪೆನಿ ತಂತಿಗಳನ್ನು ಬದಲಿಸಿತು, ತನಗೆ ಬಿಡಿಭಾಗ ಒದಗಿಸುವವರೆಲ್ಲರ ಮೇಲೆ ಕಟ್ಟುನಿಟ್ಟಿನ ತಪಾಸಣೆ ಹೇರಿತು.

ಅನಂತರ ಬಂದುದು ‘ರೋಹ್ಸ್’ ಎಂದು ಪ್ರಸಿದ್ಧವಾದ ನಿರ್ದೇಶನ. 2003ರಲ್ಲಿ ಅಂಗೀಕಾರಗೊಂಡು 2006ರ ಜುಲೈ 1ರಿಂದ ಅನ್ವಯವಾದ ಈ ಕಾನೂನು ಸೀಸ, ಪಾದರಸ, ಕ್ಯಾಡ್ಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ ಹಾಗೂ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬೆರೆಸುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳಿಗೆ ಮಿತಿ ವಿಧಿಸಿತು. ಕ್ಯಾಡ್ಮಿಯಂ ಶೇ. 0.01, ಉಳಿದವು ಶೇ. 0.1, ಅದೂ ಇಡೀ ಯಂತ್ರದ ತೂಕದಲ್ಲಲ್ಲ, ಅದರ ಒಂದೊಂದು ಏಕರೂಪ ವಸ್ತುವಿನಲ್ಲಿ. 2019ರಿಂದ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ನಾಲ್ಕು ಥ್ಯಾಲೇಟುಗಳಿಗೂ ಮಿತಿ ಅನ್ವಯವಾಯಿತು. 2011ರಲ್ಲಿ ಕಾನೂನನ್ನು ಪುನಾರಚಿಸಿದಾಗ ಅದರ ಪಾಲನೆಯನ್ನು ಸಿಇ ಮುದ್ರೆಯ ಷರತ್ತಾಗಿಸಲಾಯಿತು.

ಅಂದು ಉದ್ಯಮ ವಲಯ ಎತ್ತಿದ ಆಕ್ಷೇಪಗಳು ಒಂದೆರಡಲ್ಲ. ಸೀಸವಿಲ್ಲದ ಬೆಸುಗೆ ನಿಲ್ಲದು, ವೆಚ್ಚ ತಡೆಯಲಾಗದು ಎಂಬ ಕೂಗು ಎಲ್ಲೆಡೆ ಎದ್ದಿತು. ಆದದ್ದೇನು? ನೂರರಲ್ಲಿ 37 ಪಾಲು ಸೀಸವಿದ್ದ, 183 ಡಿಗ್ರಿಯಲ್ಲಿ ಕರಗುತ್ತಿದ್ದ ಹಳೆಯ ಬೆಸುಗೆಯ ಜಾಗಕ್ಕೆ ತವರ, ಬೆಳ್ಳಿ, ತಾಮ್ರಗಳ ಹೊಸ ಮಿಶ್ರಣ ಬಂದಿತು. ಅದು ಕರಗಲು 217 ಡಿಗ್ರಿ ದಾಟಬೇಕು. ಕುಲುಮೆಗಳು ಬದಲಾದವು, ಬಿಡಿಭಾಗಗಳು ಬದಲಾದವು, ಕಾರ್ಖಾನೆಗಳು ನಡೆದೇ ನಡೆದವು. ಬದಲಿ ಸಿಗದ ಕೆಲವೆಡೆ ಕಾನೂನೇ ವಿನಾಯಿತಿ ನೀಡಿತು. ಲಾಭದ ಮಾರುಕಟ್ಟೆ ಕೈತಪ್ಪುತ್ತದೆಂದಾಗ ಅಸಾಧ್ಯವೆಂಬುದು ಸಾಧ್ಯವಾಗುತ್ತದೆ. ನಮ್ಮ ಮೆಣಸು, ಕಾಫಿಗಳ ಕೀಟನಾಶಕದ ಶೇಷವನ್ನು ಆ ದೇಶಗಳು ಅಳೆಯುವಾಗ ಬೆಳೆಗಾರನಿಗೆ ಯಾವ ವಿನಾಯಿತಿಯೂ ಇಲ್ಲ. ಕಾರ್ಖಾನೆಯ ಒಡೆಯನಿಗೆ ಮಾತ್ರ ಅಳತೆ ಏಕೆ ಭಾರವಾಗಬೇಕು?

ಈಗ ಭಾರತದ ಕಥೆಯನ್ನು ಕೇಳಿ. ಇದೇ ಆರು ವಸ್ತುಗಳಿಗೆ ಇಲ್ಲಿ ಮಿತಿ ಹಾಕಿದ್ದು 2011ರ ಇ-ತ್ಯಾಜ್ಯ ನಿಯಮಗಳು. ಅವು ಜಾರಿಗೆ ಬಂದದ್ದು 2012ರ ಮೇ 1ರಂದು. ವಿಷವಸ್ತುಗಳನ್ನು ತಗ್ಗಿಸಲು ತಯಾರಕರಿಗೆ ಮತ್ತೆರಡು ವರ್ಷಗಳ ಕಾಲಾವಕಾಶ. ಅಂದರೆ ಯುರೋಪಿನ ಮಗುವಿಗೆ 2006ರಲ್ಲಿ ದೊರೆತ ರಕ್ಷಣೆ ನಮ್ಮ ಮಗುವಿಗೆ ಕಾಗದದ ಮೇಲೆ ದೊರೆಯಲೂ ಸುಮಾರು ಎಂಟು ವರ್ಷ ಹೆಚ್ಚು ಬೇಕಾಯಿತು. ಆ ಎಂಟು ವರ್ಷ ವಿಷವಿಲ್ಲದ ತಂತ್ರಜ್ಞಾನ ಇರಲಿಲ್ಲವೇ? ಇತ್ತು. ಅದೇ ಕಂಪೆನಿಗಳ ಕೈಯಲ್ಲೇ ಇತ್ತು. ಇಲ್ಲದ್ದು ಕಾನೂನಿನ ಒತ್ತಾಯ ಮಾತ್ರ.

ಗಡಿನಾಡಿನ ಜನಕ್ಕೆ ಈ ಅನುಭವ ಹೊಸದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನೆನಪಿಸಿಕೊಳ್ಳಿ. ಯುರೋಪಿನ ಒಕ್ಕೂಟ ಅದರ ಅನುಮತಿಯನ್ನು 2005ರಲ್ಲೇ ಹಿಂತೆಗೆದುಕೊಂಡಿತ್ತು. ನಮ್ಮ ದೇಶದಲ್ಲಿ ಅದರ ತಯಾರಿಕೆ, ಮಾರಾಟಗಳಿಗೆ ಸರ್ವೋಚ್ಚ ನ್ಯಾಯಾಲಯದ ತಡೆ ಬಂದದ್ದು 2011ರ ಮೇ ತಿಂಗಳಲ್ಲಿ, ಅದೂ ನೊಂದವರು ಬೀದಿಗಿಳಿದ ಮೇಲೆ. ವಿಷಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಒಂದು ದೇಶದ ಬಾಗಿಲು ಮುಚ್ಚಿದರೆ ತೆರೆದಿರುವ ಇನ್ನೊಂದು ಬಾಗಿಲನ್ನು ಅದು ಹುಡುಕಿಕೊಳ್ಳುತ್ತದೆ.

ಹಾಗೆಂದು ಯುರೋಪಿನ ಮುದ್ರೆಗೆ ಕೈಮುಗಿದು ಕೂರುವುದೂ ಬೇಡ. ಆ ಮುದ್ರೆಯನ್ನು ಯಾರೋ ಸರ್ಕಾರಿ ತಜ್ಞರು ಪರೀಕ್ಷಿಸಿ ಒತ್ತುತ್ತಾರೆಂದು ಹಲವರು ನಂಬಿದ್ದಾರೆ. ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಗ್ರಿಗಳ ವಿಷಯದಲ್ಲಿ ಅದು ತಯಾರಕ ತಾನೇ ಬರೆದುಕೊಳ್ಳುವ ಘೋಷಣೆ. ದಾಖಲೆಗಳನ್ನು ಹತ್ತು ವರ್ಷ ಇಟ್ಟುಕೊಳ್ಳಬೇಕು, ಅಧಿಕಾರಿಗಳು ಕೇಳಿದಾಗ ತೋರಿಸಬೇಕು, ಆಮದುದಾರನೂ ಹೊಣೆ ಹೊರಬೇಕು ಎಂಬುದು ನಿಜ. ಆದರೆ ಕೇಳುವವರಿಲ್ಲದ ಕಡೆ ಘೋಷಣೆಗೆ ಬೆಲೆಯೇನು? ನಮ್ಮ ಸಂತೆಯಲ್ಲಿ ಮಾರುವ ಅಗ್ಗದ ಚಾರ್ಜರಿನ ಮೇಲಿನ ಆ ಎರಡಕ್ಷರಗಳನ್ನು ಯಾವ ಯುರೋಪಿನ ಅಧಿಕಾರಿಯೂ ಬಂದು ಪರಿಶೀಲಿಸುವುದಿಲ್ಲ. ಇಲ್ಲಿ ಅದು ಬರಿಯ ಅಲಂಕಾರ.

ಇನ್ನೂ ದೊಡ್ಡ ಕುರುಡು ಬೇರೆಯದಿದೆ. ಕಾನೂನು ಅಳೆಯುವುದು ಪೆಟ್ಟಿಗೆಯೊಳಗಿನ ವಸ್ತುವನ್ನು. ಆ ವಸ್ತುವಿಗಾಗಿ ಅಗೆದ ಬೆಟ್ಟವನ್ನಲ್ಲ. ಸೀಸವಿಲ್ಲದ ಬೆಸುಗೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಮಿಶ್ರಣದ ಶೇ. 96.5 ಭಾಗ ತವರ. ಹಳೆಯದರಲ್ಲಿ ಅದು 63 ಪಾಲಿತ್ತು. ಜಗತ್ತಿನ ತವರದ ದೊಡ್ಡ ಪಾಲು ಬರುವುದು ಇಂಡೋನೇಷ್ಯಾದ ಬಂಕಾ ಮತ್ತು ಬೆಲಿತುಂಗ್ ದ್ವೀಪಗಳಿಂದ. ಅಲ್ಲಿ ಕಾಡು ಕಡಿದು ನೆಲ ಬಗೆದರು. ಸಾಲದೆಂದು ಸಮುದ್ರದ ತಳವನ್ನೂ ಹೀರಿದರು. ಹವಳದ ದಿಬ್ಬಗಳು ಕೆಸರಿನಡಿ ಹೂತವು, ಮೀನುಗಾರರ ಬಲೆಗಳು ಬರಿದಾದವು. ಒಬ್ಬರ ಮನೆಯಿಂದ ಸೀಸ ಹೊರಟಿತು, ಇನ್ನೊಬ್ಬರ ಕಡಲಿಗೆ ಕೆಸರು ಬಂದಿತು. ಮುದ್ರೆ ಮಾತ್ರ ನಿಷ್ಕಳಂಕ!

ಕುದುರೆಮುಖದ ಕೆಳಗೆ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಅದಿರು ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನಿಂದ ಹಡಗೇರುತ್ತಿದ್ದಾಗ, ಕೊಳ್ಳುವ ದೇಶಗಳು ಕೇಳಿದ್ದು ಕಬ್ಬಿಣದ ಅಂಶವೆಷ್ಟು ಎಂದು. ಭದ್ರೆಯಲ್ಲಿ ಹೂಳೆಷ್ಟು ಎಂದಲ್ಲ. 2005ರ ಕೊನೆಗೆ ಗಣಿ ನಿಂತದ್ದು ಯಾವ ವಿದೇಶಿ ಪ್ರಮಾಣಪತ್ರದಿಂದಲೂ ಅಲ್ಲ, ಜನರ ಹೋರಾಟ ಮತ್ತು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ.

ಹುಟ್ಟಿನಂತೆಯೇ ಸಾವೂ ಮುದ್ರೆಯ ಕಣ್ಣಿಗೆ ಬೀಳುವುದಿಲ್ಲ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಭಾಗ ‘ಬಳಸಿದ ವಸ್ತು’ ಎಂಬ ಹೆಸರಿನಲ್ಲಿ ಬಡ ದೇಶಗಳ ಬಂದರುಗಳಿಗೆ ಬರುತ್ತದೆ. ಘಾನಾದ ಅಗ್ಬೊಗ್ಬ್ಲೋಶಿಯಲ್ಲಿ ಹುಡುಗರು ತಾಮ್ರಕ್ಕಾಗಿ ತಂತಿ ಸುಟ್ಟರು. ಚೀನಾದ ಗುಯಿಯುವಿನಲ್ಲಿ ಆಮ್ಲದಲ್ಲಿ ಫಲಕಗಳನ್ನು ಅದ್ದಿದರು. ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ನಿಷೇಧಿಸುವ ಬಾಸೆಲ್ ತಿದ್ದುಪಡಿಯನ್ನು 1995ರಲ್ಲಿ ಒಪ್ಪಲಾಯಿತು; ಜಾರಿಗೆ ಬಂದದ್ದು 2019ರ ಡಿಸೆಂಬರಿನಲ್ಲಿ. 24 ವರ್ಷ! ಸರಕಿಗೆ ಗಡಿ ಕಾಯುವವರು ಕಸಕ್ಕೆ ಗಡಿ ಕಾಯಲು ಎಷ್ಟು ತಡಮಾಡಿದರು ನೋಡಿ.

ನಮ್ಮ ಬೆಟ್ಟದ ಹಳ್ಳಿಗಳೂ ಈ ಸರಪಳಿಯ ಹೊರಗಿಲ್ಲ. ಸೌರದೀಪದ ಸತ್ತ ಬ್ಯಾಟರಿಯ ಸೀಸ ಗುಜರಿಯವನ ಕೈಯಿಂದ ಎಲ್ಲಿಗೆ ಹೋಗುತ್ತದೆ? ಕೆಟ್ಟ ಮೊಬೈಲು ಯಾವ ಹಳ್ಳದ ದಂಡೆಯಲ್ಲಿ ಸುಟ್ಟು ಬೂದಿಯಾಗುತ್ತದೆ? ಘಟ್ಟದಲ್ಲಿ ಎಸೆದದ್ದೆಲ್ಲ ಒಂದಲ್ಲ ಒಂದು ಮಳೆಗೆ ಹೊಳೆ ಸೇರುತ್ತದೆ.

ಆದ್ದರಿಂದ ನಾವು ಕೇಳಬೇಕಾದುದು ಇನ್ನೊಂದು ಮುದ್ರೆಯನ್ನಲ್ಲ, ಮುದ್ರೆಯ ಹಿಂದಿನ ಹೊಣೆಯನ್ನು. ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಮಾರುವ ಸಾಮಗ್ರಿಗಳನ್ನು ಸರ್ಕಾರವೇ ಎತ್ತಿ ಪರೀಕ್ಷಿಸಲಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಮಾರಿದ ಕಂಪೆನಿಯೇ ಹಳೆಯದನ್ನು ಹಿಂಪಡೆಯಬೇಕೆಂಬ ನಿಯಮ ನಗರಕ್ಕೆ ನಿಲ್ಲದೆ ಗ್ರಾಮ ಪಂಚಾಯತಿಯ ಬಾಗಿಲಿಗೆ ಬರಲಿ. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ಮಾದರಿಯ ಸ್ಮಾರ್ಟ್‌ಫೋನುಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸುವುದು ಕಡ್ಡಾಯವಾಗಿದೆ. ಅದೇ ಕಂಪೆನಿ ಇಲ್ಲಿನ ರಿಪೇರಿಯವನಿಗೆ ಅದೇ ಬಿಡಿಭಾಗವನ್ನು ಏಕೆ ಕೊಡಬಾರದು? ಗಣಿಯ ಊರಿನವರ ಒಪ್ಪಿಗೆಯೂ ಪ್ರಮಾಣಪತ್ರದ ಒಂದು ಸಾಲಾಗಲಿ.

ವಿದ್ಯಾರ್ಥಿ ಮಿತ್ರರು ಈ ಕೆಲಸವನ್ನು ತಮ್ಮ ಊರಿನಿಂದಲೇ ಆರಂಭಿಸಬಹುದು. ಊರಿನ ಮನೆಮನೆಯಲ್ಲಿ ಕೆಟ್ಟು ಬಿದ್ದಿರುವ ಯಂತ್ರ, ಬ್ಯಾಟರಿಗಳ ಪಟ್ಟಿ ಮಾಡಿ, ಕಂಪೆನಿಯ ಹೆಸರು ಸಹಿತ ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಿಸಿ. ಅಲ್ಲಿಯ ಮಗುವಿಗೆ ಸಲ್ಲದ ವಿಷ ಇಲ್ಲಿಯ ಮಗುವಿಗೂ ಸಲ್ಲದು. ಆ ಮಾತನ್ನು ಕಾನೂನಿನ ಬಾಯಲ್ಲಿ ಹೇಳಿಸುವವರೆಗೆ ನಾವು ಸುಮ್ಮನಿರಲಾಗದು.