ನಾಯಿಯ ಹೊಟ್ಟೆಗೂ ಬಾಲಕ್ಕೂ ಇರುವ ನಂಟು

‘ಅನ್ನ ಹಳಸಿತ್ತು, ನಾಯಿ ಹಸಿದಿತ್ತು’ ಎಂಬ ಗಾದೆಯನ್ನು ಮನುಷ್ಯರ ವ್ಯವಹಾರಕ್ಕೆ ಹೇಳುವುದು ವಾಡಿಕೆ. ಆದರೆ ಅದನ್ನು ಅಕ್ಷರಶಃ ಪಾಲಿಸುವ ಮನೆಗಳೂ ಕಡಮೆಯೇನಿಲ್ಲ. ರಾತ್ರಿ ಉಳಿದ ಹುಳಿಯನ್ನ, ಮದುವೆಮನೆಯಿಂದ ಬಂದ ಪಾಯಸ, ಮಕ್ಕಳು ಬಿಟ್ಟ ಚಿತ್ರಾನ್ನ, ಎಲ್ಲಕ್ಕೂ ನಾಯಿಯ ತಟ್ಟೆಯೇ ಗತಿ. ಊರಿನಲ್ಲಿ ಇದರಿಂದ ನಾಯಿಗೇನಾಯಿತೆಂದು ನೋಡಿದವರಿಲ್ಲ. ಅದು ಹಿತ್ತಲು ದಾಟಿ, ಹೊಲದ ಬದುವಿಗೆ ಹೋಗಿ, ತನ್ನ ಕಷ್ಟವನ್ನು ತಾನೇ ತೀರಿಸಿಕೊಂಡು ಬರುತ್ತಿತ್ತು. ಪರಸ್ಥಳದ ಮೂರನೆಯ ಮಹಡಿಯ ಮನೆಯಲ್ಲಿ ಅದಕ್ಕೆ ಹಿತ್ತಲೂ ಇಲ್ಲ, ಬದುವೂ ಇಲ್ಲ. ಹೊಟ್ಟೆ ಕೆಟ್ಟರೆ ಚಾಪೆಯೇ ಸಾಕ್ಷಿ.

ಹೊಟ್ಟೆ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ಅದರ ಬೆನ್ನಿಗೇ ಬರಬಹುದಾದ ಇನ್ನೊಂದು ತೊಂದರೆ ಮಾತ್ರ ಬಹಳ ಮನೆಗಳಲ್ಲಿ ಗಮನಕ್ಕೆ ಬರುವುದಿಲ್ಲ. ನಾಯಿ ಕುಳಿತಲ್ಲಿಂದಲೇ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ, ಮುಂಗಾಲುಗಳಿಂದ ಮೈಯನ್ನು ಎಳೆದುಕೊಂಡು ಹೋಗುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮಕ್ಕಳಿಗೆ ಅದೊಂದು ತಮಾಷೆ. ಹಿರಿಯರು ‘ಹೊಟ್ಟೆಯಲ್ಲಿ ಹುಳ ಆಗಿದೆ’ ಎಂದು ತೀರ್ಪು ಕೊಡುತ್ತಾರೆ. ಹುಳವೂ ಕಾರಣವಾಗುವುದುಂಟು. ಚಿಗಟವನ್ನು ನುಂಗಿದ ನಾಯಿಗೆ ಲಾಡಿಹುಳು ತಗಲಬಹುದು. ಆಗ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಕಾಣುತ್ತವೆ. ಆದರೆ ಹುಳಕ್ಕೆ ಔಷಧ ಹಾಕಿದ ಮೇಲೂ ನಾಯಿ ಉಜ್ಜುತ್ತಿದ್ದರೆ ಬೇರೆ ಕಡೆ ನೋಡಬೇಕು.

ನಾಯಿಯ ಗುದದ್ವಾರದ ಎರಡು ಮಗ್ಗುಲಲ್ಲಿ, ಗಡಿಯಾರದ ಮುಖದಲ್ಲಿ 4 ಮತ್ತು 8 ಇರುವ ಜಾಗಗಳಲ್ಲಿ, ಚರ್ಮದ ಒಳಗೆ ಎರಡು ಪುಟ್ಟ ಚೀಲಗಳಿವೆ. ಅವುಗಳ ಒಳಗೋಡೆಯ ಗ್ರಂಥಿಗಳು ಒಂದು ಬಗೆಯ ದ್ರವವನ್ನು ಸ್ರವಿಸುತ್ತವೆ. ಅದರ ವಾಸನೆ ಕೆಟ್ಟ ಮೀನಿನಂತೆ. ನಮಗೆ ಅದು ದುರ್ಗಂಧವಾದರೂ ನಾಯಿಗಳ ಲೋಕದಲ್ಲಿ ಅದು ಪರಿಚಯ ಪತ್ರ. ಮಲ ಗಟ್ಟಿಯಾಗಿ ಹೊರಬರುವಾಗ ಈ ಚೀಲಗಳನ್ನು ಒತ್ತುತ್ತದೆ. ದ್ರವ ಸಣ್ಣ ನಾಳಗಳ ಮೂಲಕ ಹೊರಬಿದ್ದು ಚೀಲ ಬರಿದಾಗುತ್ತದೆ. ದಿನವೂ ತಾನಾಗಿ ನಡೆಯುವ ಕೆಲಸ ಇದು.

ಹೊಟ್ಟೆಗೂ ಬಾಲಕ್ಕೂ ನಂಟು ಇಲ್ಲಿಯೇ. ಮಲ ತೆಳ್ಳಗಾದರೆ ಒತ್ತುವ ಬಲ ಅದಕ್ಕಿಲ್ಲ. ನಾಲ್ಕಾರು ದಿನ ಭೇದಿಯಾದರೆ, ಅಥವಾ ತಿಂಗಳುಗಟ್ಟಲೆ ಮಲ ಮೆತ್ತಗೇ ಇದ್ದರೆ, ದ್ರವ ಚೀಲದಲ್ಲಿ ನಿಂತು ಮಂದವಾಗಿ, ನಾಳ ಕಟ್ಟಿಕೊಳ್ಳಬಹುದು. ಮೈ ಬೆಳೆದು ಬೊಜ್ಜು ಬಂದ ನಾಯಿಗೂ, ಚರ್ಮದ ಅಲರ್ಜಿ ಇರುವ ನಾಯಿಗೂ, ಸಣ್ಣ ತಳಿಯ ನಾಯಿಗೂ ಈ ಕಾಟ ಹೆಚ್ಚು. ಕಟ್ಟಿಕೊಂಡ ಚೀಲಕ್ಕೆ ಸೋಂಕು ತಗಲಿದರೆ ಬಾವು ಬಂದು, ಕೀವು ತುಂಬಿ, ಕೊನೆಗೆ ಪಕ್ಕದ ಚರ್ಮ ಒಡೆಯುತ್ತದೆ.

ನಮ್ಮ ಪರಿಚಯದ ಒಂದು ಸಂಸಾರದಲ್ಲಿ ಹೀಗೆಯೇ ಆಯಿತು. ನಾಯಿಗೆ ವಾಸನೆ ಬಂತೆಂದು ಸಾಬೂನು ಹಾಕಿ ಎರಡೆರಡು ಸಲ ಸ್ನಾನ ಮಾಡಿಸಿದರು. ವಾಸನೆ ಹೋಗಲಿಲ್ಲ. ಹಾಸಿಗೆಗೆ ಹತ್ತಿದ್ದಕ್ಕೆ ಗದರಿ ಬಾಲ್ಕನಿಯಲ್ಲಿ ಕಟ್ಟಿದರು. ಬಾಲದ ಹತ್ತಿರ ಕೈಯಿಟ್ಟ ಹುಡುಗನ ಮೇಲೆ ಅದು ಗುರ್ರೆಂದಾಗ ‘ಹುಚ್ಚು ಹಿಡಿಯಿತೋ ಏನೋ’ ಎಂಬ ಮಾತೂ ಬಂತು. ಐದನೆಯ ದಿನ ರಕ್ತ ಕೀವು ಕಂಡ ಮೇಲೆಯೇ ಪಶುವೈದ್ಯರ ಬಳಿಗೆ ಒಯ್ದದ್ದು. ಅವರು ಗಾಯ ತೊಳೆದು, ನೋವಿಗೂ ಸೋಂಕಿಗೂ ಔಷಧ ಕೊಟ್ಟರು. ಎರಡು ವಾರದಲ್ಲಿ ನಾಯಿ ಮೊದಲಿನಂತಾಯಿತು. ಹತ್ತು ವರ್ಷ ಮನೆ ಕಾದ ಪ್ರಾಣಿ ಆ ಐದು ದಿನ ನೋವನ್ನೂ ಉಂಡಿತು, ಬೈಗುಳವನ್ನೂ ಉಂಡಿತು.

ಹಾಗೆಂದು ಚೀಲವನ್ನು ಮನೆಯಲ್ಲೇ ಹಿಚುಕಿ ಖಾಲಿ ಮಾಡುವ ಸಾಹಸ ಬೇಡ. ತೊಂದರೆಯಿಲ್ಲದ ನಾಯಿಗೆ ಅದರ ಅಗತ್ಯವೇ ಇಲ್ಲ. ಪದೇಪದೇ ಹಿಚುಕಿದರೆ ಚೀಲ ಕೆರಳುತ್ತದೆ. ತೊಂದರೆ ಇದ್ದಾಗ ಕೈಗವಸು ತೊಟ್ಟು ಅದನ್ನು ಮಾಡಲು ಪಶುವೈದ್ಯರಿದ್ದಾರೆ. ವಯಸ್ಸಾದ ನಾಯಿಗೆ ಒಂದೇ ಮಗ್ಗುಲಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕಿದರೆ ತಡಮಾಡದೆ ತೋರಿಸಬೇಕು; ಅದು ಅರ್ಬುದವೂ ಆಗಿರಬಹುದು.

ಮನೆಯವರ ಕೈಯಲ್ಲಿರುವುದು ತಟ್ಟೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ಆದ್ದರಿಂದ ನಮ್ಮ ಹುಳಿ, ಪಲ್ಯ ಅದಕ್ಕೆ ಸಲ್ಲವು. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷವಾಗಬಹುದು. ಚಾಕೊಲೇಟು ಕೂಡದು. ಹಬ್ಬದ ಕರಿದ ತಿಂಡಿ, ಬೇಯಿಸಿದ ಎಲುಬು ಬೇಡ. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಒಗ್ಗುವುದಿಲ್ಲ. ಆಹಾರವನ್ನು ಬದಲಿಸುವುದಾದರೆ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ, 7ರಿಂದ 10 ದಿನಗಳಲ್ಲಿ ಬದಲಿಸಬೇಕು. ಮಲ ಸದಾ ಮೆತ್ತಗಿರುವ ನಾಯಿಗೆ, ವೈದ್ಯರನ್ನು ಕೇಳಿ, ಉಪ್ಪುಖಾರವಿಲ್ಲದೆ ಬೇಯಿಸಿದ ಸಿಹಿಗುಂಬಳವನ್ನೋ ನೀರಿನಲ್ಲಿ ನೆನೆಸಿದ ಇಸಬ್‌ಗೋಲನ್ನೋ ಸ್ವಲ್ಪ ಸೇರಿಸಬಹುದು.

ಬೆಳೆದ ನಾಯಿ ಒಂದೆರಡು ಸಲ ತೆಳ್ಳಗೆ ಹೋಗಿಯೂ ಲವಲವಿಕೆಯಿಂದಿದ್ದರೆ, ಕುಡಿಯುವ ನೀರು ಸದಾ ಇಟ್ಟು, ಮೆತ್ತನೆಯ ಅನ್ನಕ್ಕೆ ಚರ್ಮ, ಎಲುಬು, ಮಸಾಲೆ ಇಲ್ಲದ ಬೆಂದ ಕೋಳಿಮಾಂಸ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಒಂದು ದಿನ ನೋಡಬಹುದು. ಮಾಂಸ ಮಾಡದ ಮನೆಯವರು ವೈದ್ಯರು ಹೇಳುವ ಸಿದ್ಧ ಆಹಾರವನ್ನು ತರಬಹುದು. ಮನುಷ್ಯರ ನೋವಿನ ಮಾತ್ರೆ, ಭೇದಿಯ ಮಾತ್ರೆ ಕೊಡಲೇಬಾರದು. ರಕ್ತ ಬಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿ ನಿಲ್ಲದಿದ್ದರೆ, ನಾಯಿ ಸುಸ್ತಾಗಿ ಬಿದ್ದುಕೊಂಡರೆ ಕಾಯುವುದು ಸಲ್ಲ. ಹೊಟ್ಟೆ ಉಬ್ಬಿ, ವಾಂತಿ ಬರದೆ ಬರೀ ಓಕರಿಸಿದರೆ ಆ ಗಳಿಗೆಯೇ ಹೊರಡಬೇಕು. ಮರಿಗಳಿಗಂತೂ ಒಂದು ದಿನದ ಗಡುವೂ ಇಲ್ಲ. 1978ರಲ್ಲಿ ಗುರುತಿಸಲ್ಪಟ್ಟ ಪಾರ್ವೋ ವೈರಸ್ಸಿನ ಭೇದಿ ಲಸಿಕೆಯಿಲ್ಲದ ಮರಿಯನ್ನು ಕೆಲವೇ ದಿನಗಳಲ್ಲಿ ಕೊಂಡೊಯ್ಯಬಲ್ಲದು.

ಪರಸ್ಥಳದಲ್ಲಿ ವೈದ್ಯರೆಲ್ಲಿ ಎನ್ನುವ ಹಾಗಿಲ್ಲ. ಮುಂಬಯಿಯ ಪಶುವೈದ್ಯ ಕಾಲೇಜು 1886ರದು, ಮದರಾಸಿನದು 1903ರದು. ಭಾಷೆಯ ಅಳುಕಿದ್ದವರು ಒಂದು ಚೀಟಿ ಬರೆದುಕೊಂಡು ಹೋಗಲಿ: ನಾಯಿ ಏನು ತಿಂದಿತು, ಎಂದಿನಿಂದ ತೆಳ್ಳಗೆ, ದಿನಕ್ಕೆಷ್ಟು ಸಲ, ಎಂದಿನಿಂದ ಉಜ್ಜುತ್ತಿದೆ, ಹುಳದ ಔಷಧ ಮತ್ತು ಲಸಿಕೆ ಕೊನೆಗೆ ಹಾಕಿದ್ದು ಯಾವಾಗ. ಕಡತಗಳ ನಡುವೆ ದಿನ ಕಳೆಯುವ ನಮಗೆ ಚೀಟಿಯ ಮೇಲೆ ನಂಬಿಕೆ ಸ್ವಲ್ಪ ಹೆಚ್ಚೇ. ಆದರೆ ಅರ್ಜಿದಾರನಿಗೆ ಬಾಯಿಲ್ಲದಿರುವಾಗ ಅರ್ಜಿಯನ್ನು ಮನೆಯವರೇ ಬರೆಯಬೇಕಲ್ಲ!