ಮುತ್ತತ್ತಿಯ ಬಿಳಿಮೀನು ಮತ್ತು ಊರವರ ಪಾಲು

ಕ್ರೀಡೆಯನ್ನು ಕರೆತಂದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ಹಣ ಬರುತ್ತದೆ, ಹಣ ಬಂದರೆ ಊರು ಉದ್ಧಾರವಾಗುತ್ತದೆ ಎಂಬ ತರ್ಕ ಈಚಿನ ವರ್ಷಗಳಲ್ಲಿ ಸರ್ಕಾರದ ಪ್ರಕಟಣೆಗಳಲ್ಲೂ ಉದ್ಯಮಿಗಳ ಭಾಷಣಗಳಲ್ಲೂ ಪದೇ ಪದೇ ಕೇಳಿಬರುತ್ತಿದೆ. ತರ್ಕಶಾಸ್ತ್ರವನ್ನು ಒಂದಿಷ್ಟು ಓದಿದವರಿಗೆ ಈ ಮೂರು ಮೆಟ್ಟಿಲುಗಳಲ್ಲಿ ಕೊನೆಯದು ಮಾತ್ರ ತುಸು ಸಡಿಲವಾಗಿ ಕಾಣುತ್ತದೆ. ಹಣ ಬಂದದ್ದು ಊರಿಗೋ, ಊರಿನ ಮೂಲಕ ಹಾದುಹೋದದ್ದೋ ಎಂಬ ಪ್ರಶ್ನೆ ಅಲ್ಲಿ ಉಳಿದುಬಿಡುತ್ತದೆ. ಇದನ್ನು ಪರೀಕ್ಷಿಸಲು ದೂರದ ಒಲಿಂಪಿಕ್ ನಗರಗಳಿಗೆ ಹೋಗಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯೇ ಸಾಕು.

ಮುತ್ತತ್ತಿಯನ್ನು ನಮ್ಮ ವಾಚಕರಿಗೆ ಪರಿಚಯಿಸುವ ಅಗತ್ಯವಿಲ್ಲ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಕಾವೇರಿ ಕಾಡಿನೊಳಗೆ ಹರಿಯುವ ಜಾಗ ಅದು. ಸೀತಾದೇವಿಯ ಮುತ್ತಿನ ಮೂಗುತಿ ಹೊಳೆಗೆ ಬಿದ್ದಾಗ ಹನುಮಂತ ತನ್ನ ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂಬ ಐತಿಹ್ಯದಿಂದ ಊರಿಗೆ ಆ ಹೆಸರು ಬಂದಿತೆನ್ನುತ್ತಾರೆ. ಅಲ್ಲಿಯ ಮುತ್ತತ್ತಿರಾಯನ ಹೆಸರನ್ನೇ ಹೊತ್ತ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಎನಿಸಿಕೊಂಡರೆಂಬುದನ್ನು ಕನ್ನಡಿಗರೆಲ್ಲರೂ ಬಲ್ಲರು. ಆದರೆ ಇದೇ ಹೊಳೆಯ ಹೆಸರು ಒಂದು ಕಾಲದಲ್ಲಿ ಇಂಗ್ಲೆಂಡಿನ ಗಾಳಗಾರರ ಮನೆಮಾತಾಗಿತ್ತೆಂಬುದು ಅಷ್ಟಾಗಿ ತಿಳಿದಿಲ್ಲ.

ಅದಕ್ಕೆ ಕಾರಣ ಒಂದು ಮೀನು. ಹೊಳೆಯ ದಂಡೆಯವರು ಅದನ್ನು ಬಿಳಿಮೀನು ಎನ್ನುತ್ತಾರೆ. ಲೋಕ ಮಹಶೀರ್ ಎನ್ನುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಸ್ವಾತಂತ್ರ್ಯಾನಂತರ ಈ ಮೀನು ಮುಗಿದೇಹೋಯಿತೆಂದು ಹೊರಗಿನವರು ಭಾವಿಸಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕಿಕೊಂಡು ಬಂದು, ಕಾವೇರಿಯಲ್ಲಿ ಅದಿನ್ನೂ ಜೀವಂತವಾಗಿದೆಯೆಂದು ತೋರಿಸಿಕೊಟ್ಟರು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. 1980ರಲ್ಲಿ ಸ್ಥಾಪಿತವಾದ, ಈಗ ರಾಜ್ಯ ಸರ್ಕಾರದ ಒಡೆತನದಲ್ಲಿರುವ ಜಂಗಲ್ ಲಾಡ್ಜಸ್ ಸಂಸ್ಥೆ ಮುತ್ತತ್ತಿಗೆ ಅನತಿದೂರದ ಭೀಮೇಶ್ವರಿಯಲ್ಲಿ ಮೀನುಗಾಳದ ಶಿಬಿರ ತೆರೆಯಿತು. ಆಮೇಲೆ ದೊಡ್ಡಮಾಕಳಿ, ಗಾಳಿಬೋರೆಗಳೂ ಸೇರಿಕೊಂಡವು.

ಈ ಆಟದ ನಿಯಮ ವಿಶಿಷ್ಟವಾದದ್ದು. ಹಿಡಿದ ಮೀನನ್ನು ತೂಗಿ, ಬರೆದಿಟ್ಟುಕೊಂಡು, ಮರಳಿ ನೀರಿಗೆ ಬಿಡಬೇಕು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ಮಂಡ್ಯ ಸೀಮೆಯ ರಾಗಿ ಹಿಟ್ಟಿನ ಬೇಯಿಸಿದ ಮುದ್ದೆ. ಸಮುದ್ರದಾಚೆಯಿಂದ ಬಂದ ದೊರೆಗಳಿಗೆ ಆ ಮುದ್ದೆಯನ್ನು ಎಷ್ಟು ಗಟ್ಟಿ ಕಟ್ಟಬೇಕು, ಯಾವ ಬಂಡೆಯ ಮಗ್ಗುಲಲ್ಲಿ ಎಸೆಯಬೇಕು, ಹರಿಗೋಲನ್ನು ಯಾವ ಸೆಳವಿನಲ್ಲಿ ಹಾಯಿಸಬಾರದು ಎಂದು ಕಲಿಸಿದವರು ದಂಡೆಯ ಹಳ್ಳಿಗರು. ಇವರಲ್ಲಿ ಹಲವರು ಹಿಂದೆ ಬಲೆಯಿಂದಲೂ ಸಿಡಿಮದ್ದಿನಿಂದಲೂ ಕದ್ದು ಮೀನು ಹಿಡಿಯುತ್ತಿದ್ದವರು. ಕಳ್ಳನೆನಿಸಿಕೊಂಡವನ ಕೈಯ ವಿದ್ಯೆಯೇ ಅವನಿಗೆ ಸಂಬಳವನ್ನೂ ಮರ್ಯಾದೆಯನ್ನೂ ತಂದಿತು. ಮಾರ್ಗದರ್ಶಕ, ಕಾವಲುಗಾರ, ಅಡಿಗೆಯವ, ಹರಿಗೋಲು ನಡೆಸುವವ ಎಂಬ ಉದ್ಯೋಗಗಳು ಕಾಡಂಚಿನ ಮನೆಗಳಿಗೆ ಬಂದವು. ಸತ್ತ ಮೀನು ಒಂದು ಸಲ ಮಾತ್ರ ಮಾರಾಟವಾಗುತ್ತದೆ, ಬದುಕಿರುವ ಮೀನು ವರ್ಷವರ್ಷವೂ ಅನ್ನ ಕೊಡುತ್ತದೆ ಎಂಬುದನ್ನು ಅವರಿಗೆ ಯಾರೂ ಉಪನ್ಯಾಸ ಮಾಡಿ ಹೇಳಬೇಕಾಗಲಿಲ್ಲ. ಕ್ರೀಡೆಯಿಂದ ಊರಿಗೆ ಲಾಭವಾಗುವುದೆಂದರೆ ಏನೆಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತೋರುತ್ತಿಲ್ಲ.

ಹಾಗಾದರೆ ಅದು ನಿಂತದ್ದೇಕೆ? 1987ರಲ್ಲಿ ಈ ಪ್ರದೇಶವನ್ನು ಕಾವೇರಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿತ್ತು. ಧಾಮದೊಳಗೆ ಪ್ರಾಣಿಗಳನ್ನು ಹಿಡಿಯುವುದನ್ನು 1972ರ ವನ್ಯಜೀವಿ ಕಾಯಿದೆ ನಿರ್ಬಂಧಿಸುತ್ತದೆ. ಹಿಡಿದು ಬಿಡುವುದೂ ಹಿಡಿಯುವುದೇ ಎಂಬ ವ್ಯಾಖ್ಯಾನ ಮೇಲುಗೈ ಪಡೆದು, 2012ರ ಹೊತ್ತಿಗೆ ಧಾಮದೊಳಗಿನ ಗಾಳದ ಕ್ರೀಡೆ ಮುಗಿಯಿತು. ಶಿಬಿರಗಳು ಉಳಿದವು. ಭೀಮೇಶ್ವರಿಯಲ್ಲಿ ಈಗ ತಂತಿಯ ಮೇಲೆ ಜಾರುವುದು, ಹಗ್ಗದ ಮೇಲೆ ನಡೆಯುವುದು, ಕಯಾಕ್ ದೋಣಿ ನಡೆಸುವುದು ಮೊದಲಾದ ಸಾಹಸಕ್ರೀಡೆಗಳಿವೆ.

ಈ ನಿಷೇಧವನ್ನು ಕೇವಲ ಅಧಿಕಾರಿಗಳ ಮೂರ್ಖತನವೆಂದು ತಳ್ಳಿಹಾಕುವವರೊಡನೆ ನಾವು ಸಹಮತರಲ್ಲ. ಅದರ ಹಿಂದೆ ನ್ಯಾಯದ ಒಂದು ಪ್ರಶ್ನೆಯಿದೆ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು ಮಕ್ಕಳ ಸಾರಿಗೆಂದು ಒಂದು ಗಾಳ ಹಾಕಿದರೆ ಅಪರಾಧಿ. ವಿಮಾನದಲ್ಲಿ ಬಂದವನು ಸಂತೋಷಕ್ಕೆಂದು ಅದೇ ಗಾಳ ಹಾಕಿದರೆ ಅತಿಥಿ. ಹಸಿವಿಗೆ ಇಲ್ಲದ ಅನುಮತಿ ವಿನೋದಕ್ಕೆ ದೊರೆತರೆ ಅದನ್ನು ಯಾವ ನೀತಿಶಾಸ್ತ್ರ ಸಮರ್ಥಿಸೀತು? ಆಟವೂ ಮನುಷ್ಯನ ಮನಸ್ಸಿಗೆ ವಿಶ್ರಾಂತಿಯಂತೆ ಅವಶ್ಯವೆಂದು, ಅದರಲ್ಲೂ ಒಂದು ಸದ್ಗುಣವಿದೆಯೆಂದು ಸಂತ ಥಾಮಸ್ ಅಕ್ವಿನಾಸರು ವಾದಿಸಿದ್ದುಂಟು. ಆದರೆ ಆ ಸದ್ಗುಣಕ್ಕೆ ಮಿತಿಯನ್ನೂ ಅವರೇ ಹೇಳಿದ್ದಾರೆ. ಮೂಕಪ್ರಾಣಿಗಳನ್ನು ಅನಾವಶ್ಯಕವಾಗಿ ನೋಯಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲವೆಂದು ಧರ್ಮಸಭೆ 1992ರಲ್ಲಿ ಹೊರಡಿಸಿದ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. (ಗಾಳ ನುಂಗಿದ ಮೀನಿಗೆ ನೋವಾಗುತ್ತದೆಯೇ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಮೀನನ್ನು ಯಾರೂ ಕೇಳಿಲ್ಲ.)

ಆದರೆ ನಿಷೇಧದ ಫಲವೇನೆಂಬುದನ್ನೂ ನೋಡಬೇಕು. ಗಾಳಿಬೋರೆ ಶಿಬಿರದವರು 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಮಿಕ್ಕಿದ ಮಹಶೀರ್‌ಗಳ ದಾಖಲೆ ಅದು. ವಿಜ್ಞಾನಿಗಳು ಆ ಪುಸ್ತಕಗಳನ್ನು ಪರಿಶೀಲಿಸಿದಾಗ ಆಶ್ಚರ್ಯಕರವಾದ ಸಂಗತಿಯೊಂದು ಹೊರಬಿತ್ತು. ಸಿಗುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಆದರೆ ಏರುತ್ತಿದ್ದುದು ಕಾವೇರಿಯ ಮೂಲ ಮೀನಲ್ಲ. ಲೋನಾವಳದ ಮೊಟ್ಟೆಕೇಂದ್ರದಲ್ಲಿ ಬೆಳೆಸಿ, ಸದುದ್ದೇಶದಿಂದಲೇ ದಶಕಗಳ ಹಿಂದೆ ಇಲ್ಲಿಗೆ ತಂದು ಬಿಟ್ಟಿದ್ದ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು. ಕಾವೇರಿಯದೇ ಆದ, ಬೆನ್ನು ಗೂನಿದ ಮಹಶೀರ್ ಅಳಿಯುತ್ತಿತ್ತು. 2018ರಲ್ಲಿ ಈ ಗೂನುಬೆನ್ನಿನ ಮೀನಿಗೆ ಟಾರ್ ರೆಮದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಳಿವಿನ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಸಾಲಿಗೂ ಸೇರಿತು. ಹೆಸರು ಸಿಕ್ಕುವುದೂ ಮರಣಶಯ್ಯೆಗೆ ಸೇರುವುದೂ ಒಟ್ಟಿಗೇ ಆದ ದುರ್ದೈವಿ ಅದು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಲೆಕ್ಕದ ಪುಸ್ತಕಗಳಿಲ್ಲದಿದ್ದರೆ ಈ ಅಳಿವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿಷೇಧದೊಡನೆ ಆ ಲೆಕ್ಕವೂ ನಿಂತಿತು, ಹಗಲಿರುಳು ಹೊಳೆಯ ಮೇಲಿದ್ದ ಕಣ್ಣುಗಳೂ ಕಡಿಮೆಯಾದವು. ಮೀನನ್ನು ಕೊಲ್ಲುತ್ತಿದ್ದುದು ಗಾಳ ಮಾತ್ರವೇ ಆಗಿದ್ದರೆ ನಿಷೇಧ ಅದನ್ನು ಉಳಿಸಬೇಕಾಗಿತ್ತು. ಆದರೆ ಮೇಲೆ ಕಟ್ಟೆಗಳು, ಕೆಳಗೆ ಕಟ್ಟೆಗಳು, ಮರಳಿನ ಲೂಟಿ, ಸಿಡಿಮದ್ದು, ನಗರಗಳ ಕೊಳೆನೀರು, ಇವುಗಳ ಮೇಲೆ ಗಾಳದ ನಿಷೇಧಕ್ಕೆ ಏನು ಅಧಿಕಾರವಿದೆ?

ಧಾಮದ ಹೊರಗೆ ಬೇರೆ ದಾರಿಗಳೂ ಕಂಡಿವೆ. ಕೊಡಗಿನ ವಾಲ್ನೂರಿನ ಬಳಿ ಇದೇ ಕಾವೇರಿಯಲ್ಲಿ ಕೊಡಗು ವನ್ಯಜೀವಿ ಸಂಘ ಗಾಳದ ಪರವಾನಗಿಯನ್ನೂ ಕಾವಲನ್ನೂ ಜೋಡಿಸಿ ನಡೆಸಿಕೊಂಡು ಬಂದಿತು. ಅದೇ ಜಿಲ್ಲೆಯ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನೂ ಇಲ್ಲಿ ನೆನೆಯಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಮನೆತನಗಳಿಂದ ಆರಂಭಿಸಿದ ಅದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಕೂಟವಾಗಿ ಬೆಳೆದಿತ್ತು. ಒಂದೊಂದು ವರ್ಷ ಒಂದೊಂದು ಮನೆತನ ಆತಿಥ್ಯ ವಹಿಸುತ್ತದೆ. ಅಲ್ಲಿ ಮನೆಯ ಯಜಮಾನ ಊರವನೇ, ಬಂದವರು ನೆಂಟರು. ಮುತ್ತತ್ತಿಯಲ್ಲಾದರೋ ಊರವನು ಸಂಬಳದವನಾದನೇ ಹೊರತು ಯಜಮಾನನಾಗಲಿಲ್ಲ. ಶಿಬಿರದ ಬಾಡಿಗೆ ಎಷ್ಟಿರಬೇಕು, ಗಾಳ ಎಷ್ಟು ತಿಂಗಳು ಬೀಳಬೇಕು, ಕೊನೆಗೆ ಆಟ ನಿಲ್ಲಬೇಕೇ ಬೇಡವೇ, ಇವೆಲ್ಲ ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ತೀರ್ಮಾನವಾದವು. ಆದ್ದರಿಂದಲೇ ಒಂದು ಸುತ್ತೋಲೆಯಿಂದ ಅವನ ಕೆಲಸ ಹೋಗಲು ಸಾಧ್ಯವಾಯಿತು. ದಾನವಾಗಿ ಬಂದ ಲಾಭವನ್ನು ದಾನಿಯೇ ಹಿಂದಕ್ಕೆ ಪಡೆಯಬಹುದು. ಹಕ್ಕಾಗಿ ಬಂದದ್ದನ್ನು ಹಾಗೆ ಪಡೆಯಲಾಗದು.

ಹಕ್ಕಿನ ಮಾತು ಬಂದುದರಿಂದ ಹೇಳಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಅರಣ್ಯವಾಸಿ ಸಮುದಾಯಗಳಿಗೆ ಕಾಡಿನ ನೀರಿನಲ್ಲಿಯ ಮೀನಿನ ಮೇಲೂ ಸಾಮುದಾಯಿಕ ಹಕ್ಕನ್ನು ಮಾನ್ಯ ಮಾಡುತ್ತದೆ. ಈ ಸೀಮೆಯ ಸೋಲಿಗರು, ಇರುಳಿಗರು ಕಾಡಿನ ಮಕ್ಕಳೇ. ಗಾಳದ ಕ್ರೀಡೆಯನ್ನು ಮತ್ತೆ ಆರಂಭಿಸಬೇಕೆಂದು ಗಾಳಗಾರರ ಸಂಘಗಳು ಕೇಳುತ್ತಿರುವಾಗ, ಮೊದಲು ಈ ಹಕ್ಕುಗಳ ಲೆಕ್ಕ ಚುಕ್ತಾ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಆಮೇಲೆ, ಮೀನಿನ ಗಣತಿಗೆಂದೇ, ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ, ಕೆಲವೇ ಗಾಳಗಳಿಗೆ ಅವಕಾಶ ಕೊಡುವುದಾದರೆ, ಅದರ ಶುಲ್ಕದ ನಿರ್ದಿಷ್ಟ ಪಾಲು ದಂಡೆಯ ಗ್ರಾಮಸಭೆಗಳಿಗೆ ನೇರವಾಗಿ ಸಲ್ಲುವಂತಾದರೆ, ಅದನ್ನು ನಾವು ವಿರೋಧಿಸಲಾರೆವು. ಕಾನೂನಿನ ತಿದ್ದುಪಡಿಯಿಲ್ಲದೆ ಇದು ಆಗದು. ಕಾನೂನನ್ನು ಕದ್ದುಮುಚ್ಚಿ ಮುರಿಯುವುದಕ್ಕಿಂತ ಬೆಳಕಿನಲ್ಲಿ ತಿದ್ದುವುದು ಮೇಲು.

ಇನ್ನು ನಮ್ಮ ಕುಟುಂಬಗಳ ವಿಷಯ. ಬೆಂಗಳೂರು, ಮೈಸೂರು, ಕನಕಪುರಗಳ ಧರ್ಮಕೇಂದ್ರಗಳಿಂದ ಯುವಜನರೂ ಮನೆಮಂದಿಯೂ ವ್ಯಾನು ಕಟ್ಟಿಕೊಂಡು ಮುತ್ತತ್ತಿಗೆ ಹೋಗುವ ರೂಢಿ ಹಳೆಯದು. ನಾವೂ ಅಂಥ ತಂಡಗಳೊಡನೆ ಹೋಗಿಬಂದವರೇ. ಅಕ್ಕಿ, ಕೋಳಿ, ನೀರಿನ ಬಾಟಲಿ, ಕಾಗದದ ತಟ್ಟೆ ಎಲ್ಲವೂ ನಗರದಿಂದಲೇ ಹೊರಡುತ್ತದೆ. ದಂಡೆಯಲ್ಲಿ ಉಳಿಯುವುದು ತಟ್ಟೆ ಬಾಟಲಿಗಳು ಮಾತ್ರ. ಇಂಥ ಪ್ರವಾಸ ಊರಿಗೆ ಕೊಡುವುದು ಕಸವನ್ನು. ಹಲಗೂರಿನಲ್ಲಿಯೋ ಮುತ್ತತ್ತಿಯಲ್ಲಿಯೋ ಊಟ ಹೇಳಿದರೆ, ಹರಿಗೋಲಿನವನಿಗೆ ಚೌಕಾಸಿ ಮಾಡದೆ ಕೂಲಿ ಕೊಟ್ಟರೆ, ಸ್ಥಳೀಯನೊಬ್ಬನನ್ನು ದಿನದ ಮಟ್ಟಿಗೆ ಜೊತೆಗೆ ಕರೆದುಕೊಂಡರೆ ಆ ಹಣ ಅಲ್ಲಿಯ ಮನೆಗಳಿಗೇ ಸೇರುತ್ತದೆ. ಈ ಕೊನೆಯ ಮಾತಿಗೆ ಹಣಕ್ಕಿಂತ ಮಿಗಿಲಾದ ಕಾರಣವಿದೆ. ಮೇಲುನೋಟಕ್ಕೆ ಶಾಂತವಾಗಿ ಕಾಣುವ ಮುತ್ತತ್ತಿಯ ಮಡುಗಳಲ್ಲಿ ಸುಳಿಗಳಿವೆ, ಬಂಡೆಗಳ ನಡುವೆ ಕಾಲು ಸಿಲುಕುವ ಬಿರುಕುಗಳಿವೆ. ವರ್ಷವರ್ಷವೂ ನಗರದ ಮಕ್ಕಳು ಅಲ್ಲಿ ಪ್ರಾಣ ಕಳೆದುಕೊಳ್ಳುತ್ತಿದ್ದಾರೆ, ಹೆಚ್ಚಿನವರು ಈಜು ಬಲ್ಲೆವೆಂದು ಇಳಿದವರೇ. ಹೆಣ ಹುಡುಕಲು ಕೊನೆಗೆ ಕರೆಯುವುದು ಹರಿಗೋಲಿನವನನ್ನೇ. ಬೆಳಿಗ್ಗೆಯೇ ಅವನನ್ನು ಕರೆದಿದ್ದರೆ ಯಾವ ಕಡೆ ಇಳಿಯಬಾರದೆಂದು ಹೇಳುತ್ತಿದ್ದ.

ಈ ಚರ್ಚೆಗೆಲ್ಲ ಇನ್ನೆಷ್ಟು ಕಾಲವಿದೆಯೋ ಎಂಬ ಅನುಮಾನವೂ ನಮಗಿದೆ. ಕೆಳಗೆ, ಅರ್ಕಾವತಿ ಬಂದು ಸೇರುವ ಸಂಗಮದಾಚೆ, ಮೇಕೆದಾಟುವಿನಲ್ಲಿ 67 ಟಿ.ಎಂ.ಸಿ. ನೀರು ನಿಲ್ಲಿಸುವ ಅಣೆಕಟ್ಟೆಯ ಪ್ರಸ್ತಾಪವಿದೆ. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ, 2022ರ ಜನವರಿಯಲ್ಲಿ ಅದಕ್ಕಾಗಿ ನಡೆದ ಪಾದಯಾತ್ರೆಯಲ್ಲಿ ನಮ್ಮ ಜನರೂ ಹೆಜ್ಜೆ ಹಾಕಿದ್ದರು. ಮುತ್ತತ್ತಿಯೂ ಸೇರಿ ಕೆಲವು ಗ್ರಾಮಗಳು ಮುಳುಗಡೆಯ ಅಂಚಿನೊಳಗೆ ಬರುತ್ತವೆಂದು ವರದಿಗಳಿವೆ. ಬಿಳಿಮೀನು ಹರಿಯುವ ನೀರಿನ ಜೀವಿ, ನಿಂತ ನೀರಿನದಲ್ಲ. ಅಣೆಕಟ್ಟೆಯ ಪರವಾಗಿಯೂ ವಿರೋಧವಾಗಿಯೂ ಎರಡು ರಾಜ್ಯಗಳ ವಕೀಲರು ವರ್ಷಗಟ್ಟಲೆ ವಾದಿಸಿದ್ದಾರೆ. ಮುತ್ತತ್ತಿಯ ಹರಿಗೋಲಿನವನನ್ನು ಯಾರಾದರೂ ಸಾಕ್ಷಿಗೆ ಕರೆದರೆಂದು ನಾವು ಕೇಳಿಲ್ಲ.