ಸ್ಕ್ಯಾನರ್ ತೆಗೆದಿಟ್ಟರೆ ಜಿಎಸ್‌ಟಿ ತಪ್ಪುತ್ತಾ? ತಾಲ್ಲೂಕಿನ ಅಂಗಡಿಯವರು ನೋಡಲೇಬೇಕಾದ ಲೆಕ್ಕ

ಚನ್ನಗಿರಿ / ಹೊನ್ನಾಳಿ: ಕಿರಾಣಿ ಅಂಗಡಿ ಇರಲಿ, ಟೀ ಅಂಗಡಿ ಇರಲಿ, ಈಗ ಸ್ಕ್ಯಾನರ್ ಇಲ್ಲದ ಗಲ್ಲಾ ಸಿಗೋದು ಕಷ್ಟ. ನ್ಯಾಮತಿಯ ಸಂತೆಯಿಂದ ಜಗಳೂರಿನ ಬಸ್ ಸ್ಟ್ಯಾಂಡ್‌ವರೆಗೆ ಇದೇ ಕಥೆ. ಆದರೆ 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಹುಟ್ಟಿದ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಆಗ ಆಗಿದ್ದೇನು?

2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ಪಡೆದ ಇಲಾಖೆ, ಮಿತಿ ದಾಟಿಯೂ ನೋಂದಣಿ ಮಾಡಿಸದವರನ್ನು ಹುಡುಕಿತು. ಬೆಂಗಳೂರಿನಲ್ಲಿ ಹಲವರು ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಪಕ್ಕದ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿಗೆ ಸುಮಾರು 29 ಲಕ್ಷ ರೂ. ಕಟ್ಟಿ ಎಂಬ ನೋಟಿಸ್ ಬಂದಿದ್ದು ರಾಜ್ಯವೆಲ್ಲ ಸುದ್ದಿಯಾಯ್ತು.

1.63 ಕೋಟಿಗೆ ಶೇ 18 ಹಾಕಿ ನೋಡಿ, 29.34 ಲಕ್ಷ ಬರುತ್ತೆ. ಅಂದರೆ ಖಾತೆಗೆ ಬಂದ ಪೂರ್ತಿ ಹಣಕ್ಕೆ ಶೇ 18 ಹಾಕಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಮೊತ್ತ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಖಾತೆಗೆ ಬಂದ ಹಣ ತರಕಾರಿದಾ, ಸೋಪಿಂದಾ ಅಂತ ಯುಪಿಐ ಹೇಳಲ್ಲ. ಅದನ್ನು ಹೇಳಬೇಕಾದವರು ವ್ಯಾಪಾರಿಯೇ, ಅದೂ ದಾಖಲೆ ಇಟ್ಟು.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡಲ್ಲ, ಆದರೆ ಮುಂದೆ ನೋಂದಣಿ ಮಾಡಿಸಬೇಕು ಎಂದರು. ಕಾನೂನು ಮಾತ್ರ ಹಾಗೇ ಇದೆ. ಮರೆಯಬಾರದ ಮಾತು ಇದು.

ದಿನಕ್ಕೆ 11 ಸಾವಿರ

ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ. ಮಿತಿ. 365 ದಿನಕ್ಕೆ ಹಂಚಿದರೆ ದಿನಕ್ಕೆ 11 ಸಾವಿರದ ಹತ್ತಿರ. ಇದು ಲಾಭ ಅಲ್ಲ, ವ್ಯಾಪಾರದ ಮೊತ್ತ. ಹಬ್ಬದ ದಿನಗಳಲ್ಲಿ ಸಾಧಾರಣ ಕಿರಾಣಿ ಅಂಗಡಿಯೂ ಇದನ್ನು ದಾಟುತ್ತೆ.

ಹೋಟೆಲ್, ಸಲೂನ್, ರಿಪೇರಿ ಅಂಗಡಿ ಸೇವೆಯ ಲೆಕ್ಕಕ್ಕೆ ಬರುತ್ತವೆ. ಅವರಿಗೆ 20 ಲಕ್ಷ, ಅಂದರೆ ದಿನಕ್ಕೆ ಸುಮಾರು 5,500 ರೂ.

ಹೆಚ್ಚಿನವರು ಎಡವೋದು ಇಲ್ಲೇ. ಬರೀ ತೆರಿಗೆ ಇಲ್ಲದ ಮಾಲು (ತರಕಾರಿ, ಹಾಲು, ಬಿಡಿ ಧಾನ್ಯ) ಮಾರಿದರೆ ಎಷ್ಟೇ ವ್ಯಾಪಾರ ಆದರೂ ನೋಂದಣಿ ಬೇಡ. ಆದರೆ ಹಾಲಿನ ಜೊತೆ ಬಿಸ್ಕೆಟ್, ಸೋಪು ಇಟ್ಟರೆ ಹಾಲಿನ ದುಡ್ಡೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತೆ. ತೆರಿಗೆ ಬಿಸ್ಕೆಟ್, ಸೋಪಿಗೆ ಮಾತ್ರ, ಮಿತಿ ಮಾತ್ರ ಎಲ್ಲದಕ್ಕೂ.

ಅಡಿಕೆ ದುಡ್ಡು, ಅಂಗಡಿ ದುಡ್ಡು

ಚನ್ನಗಿರಿ ಭಾಗದಲ್ಲಿ ಅಂಗಡಿಯೂ ಇರುತ್ತೆ, ತೋಟವೂ ಇರುತ್ತೆ. ಜಗಳೂರಲ್ಲಿ ಅಡಿಕೆ ಬದಲು ಮೆಕ್ಕೆಜೋಳ, ಈರುಳ್ಳಿ. ರೈತ ಸ್ವಂತ ಜಮೀನಿನ ಬೆಳೆ ಮಾರಿದ ಮಟ್ಟಿಗೆ ನೋಂದಣಿ ಬೇಕಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತೆ. ಆದರೆ ಅಡಿಕೆ ದುಡ್ಡು, ಮಗನ ಸಂಬಳ, ಕೈಸಾಲ, ಅಂಗಡಿ ಗಲ್ಲಾ ಎಲ್ಲಾ ಒಂದೇ ಖಾತೆಗೆ ಬಿದ್ದರೆ ಹೊರಗಿನಿಂದ ನೋಡುವವರಿಗೆ ಎಲ್ಲವೂ ವ್ಯಾಪಾರದಂತೆಯೇ ಕಾಣುತ್ತೆ. ಪಹಣಿ, ಮಂಡಿ ಅಥವಾ ಸೊಸೈಟಿ ಬಿಲ್ಲು ಇದ್ದರೆ ಉತ್ತರ ಕೊಡಬಹುದು.

ಹಾಗಾದರೆ ಕ್ಯಾಶ್ ವಾಸಿನಾ?

ಅಲ್ಲ. ಮಿತಿ ಇರೋದು ವಹಿವಾಟಿಗೆ, ಹಣ ಬಂದ ದಾರಿಗಲ್ಲ. ನಗದೂ ಲೆಕ್ಕಕ್ಕೇ. ಸಗಟು ವ್ಯಾಪಾರಿ ಕೊಟ್ಟ ಬಿಲ್ಲು, ಬ್ಯಾಂಕಿಗೆ ಕಟ್ಟಿದ ನಗದು ಎಲ್ಲವೂ ಗುರುತು ಬಿಡುತ್ತವೆ. ಸ್ಕ್ಯಾನರ್ ತೆಗೆದರೆ ಕಳೆದುಕೊಳ್ಳೋದು ಗಿರಾಕಿಯನ್ನು.

ಕಾನೂನಿನಲ್ಲೇ ಇರುವ ದಾರಿ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಸ್ಕೀಮ್. ವರ್ಷಕ್ಕೆ 1.5 ಕೋಟಿವರೆಗಿನ ವ್ಯಾಪಾರಿ ತೆರಿಗೆ ಇರುವ ಮಾಲಿನ ವಹಿವಾಟಿಗೆ ಶೇ 1 ಕಟ್ಟಿದರೆ ಸಾಕು, ಹೋಟೆಲ್‌ಗೆ ಶೇ 5. ಮೂರು ತಿಂಗಳಿಗೊಮ್ಮೆ ಹಣ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವಂತಿಲ್ಲ, ಖರೀದಿಗೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ, ಬೇರೆ ರಾಜ್ಯಕ್ಕೆ ಮಾಲು ಕಳಿಸುವಂತಿಲ್ಲ.

ಇದು ನೋಂದಣಿಯಾದವರಿಗೆ ಮಾತ್ರ. ನೋಟಿಸ್ ಬಂದ ಮೇಲೆ ಹಳೆ ವರ್ಷಗಳಿಗೂ ಶೇ 1 ಹಾಕಿ ಅಂದರೆ ನಡೆಯಲ್ಲ. ತಡ ಮಾಡಿದವರಿಗೆ ಬೀಳುವ ಪೆಟ್ಟು ಅದೇ.

ಈಗ ಮಾಡಬೇಕಾದ್ದು

* ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸ್ಕ್ಯಾನರ್ ಮತ್ತು ನಗದು ಎರಡನ್ನೂ ಕೂಡಿಸಿ ನೋಡಿ.
* ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಮಾಡಿಕೊಳ್ಳಿ.
* ಖರೀದಿ ಬಿಲ್ಲು ಬಿಸಾಡಬೇಡಿ.
* ಮಿತಿ ದಾಟಿದರೆ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಿ.
* ನೋಟಿಸ್ ಬಂದರೆ ಸುಮ್ಮನೆ ಕೂರಬೇಡಿ. ಗಡುವಿನೊಳಗೆ ದಾಖಲೆ ಸಮೇತ ಲಿಖಿತ ಉತ್ತರ ಕೊಡಿ. ಆದೇಶ ವಿರುದ್ಧವಾಗಿ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ವಿವಾದದ ತೆರಿಗೆಯ ಶೇ 10 ಮೊದಲೇ ಕಟ್ಟಬೇಕು.

ಅರ್ಥವಾಗದಿದ್ದರೆ ತೆರಿಗೆ ಸಲಹೆಗಾರರ ಹತ್ತಿರ ಹೋಗಿ. ನೋಟಿಸ್ ಬರುವ ಮುಂಚೆ ಹೋದರೆ ಖರ್ಚೂ ಕಡಿಮೆ, ನಿದ್ದೆಯೂ ಸರಿಯಾಗಿ ಬರುತ್ತೆ.